ಸಾವಿರ ಸಲ ನಾಣ್ಯ ಚಿಮ್ಮಿ ನೋಡಿ: ಸಂಭವನೀಯತೆಯನ್ನು ಕೈಯಾರೆ ಅಳೆಯುವ ಕ್ರಮ

ನಾಣ್ಯವನ್ನು 100 ಸಲ ಚಿಮ್ಮಿದರೆ ಸರಿಯಾಗಿ 50 ಹೆಡ್ ಬೀಳುವ ಸಂಭವ ಶೇ. 8ನ್ನೂ ಮುಟ್ಟುವುದಿಲ್ಲ. ಹನ್ನೆರಡು ಹದಿಮೂರು ಜನ ಈ ಪ್ರಯೋಗ ಮಾಡಿದರೆ ಒಬ್ಬರಿಗೆ 50 ಸಿಕ್ಕೀತು. ಉಳಿದವರಿಗೆ 46, 53, 57 ಹೀಗೆ ಏನಾದರೂ ಬರುತ್ತದೆ. ಆದರೂ ತರಗತಿಯಲ್ಲಿ ಈ ಪ್ರಯೋಗ ಮಾಡಿದಾಗ 50ರ ಆಸುಪಾಸಿನ ಲೆಕ್ಕಗಳೇ ರಾಶಿ ಬೀಳುತ್ತವೆ. 43 ಬಂದ ಹುಡುಗಿ ತನ್ನ ನಾಣ್ಯವೇ ಸರಿಯಿಲ್ಲ ಎಂದುಕೊಂಡು ನಾಲ್ಕೈದು ಗೀಟು ಅಳಿಸಿ ತಿದ್ದಿಬಿಡುತ್ತಾಳೆ. ಅವಳ 43ರಲ್ಲಿ ತಪ್ಪೇನೂ ಇರಲಿಲ್ಲ. ಎಷ್ಟು ಏರುಪೇರು ಸಹಜ, ಎಷ್ಟಾದರೆ ಅನುಮಾನಪಡಬೇಕು ಎಂಬುದನ್ನು ಮೊದಲೇ ಹೇಳದೆ ನಾಣ್ಯ ಕೈಗೆ ಕೊಟ್ಟರೆ ಹೀಗೇ ಆಗುತ್ತದೆ. ಆ ಅಳತೆಯನ್ನೂ ಸೇರಿಸಿ ಪೂರ್ತಿ ಕ್ರಮ ಇಲ್ಲಿದೆ.

ಮೊದಲು ನಿಯಮ ಏನು ಹೇಳುತ್ತದೆ ಎಂಬುದು ಸ್ಪಷ್ಟವಾಗಲಿ. ಒಂದು ಟಾಸ್ ಇನ್ನೊಂದರ ಮೇಲೆ ಪ್ರಭಾವ ಬೀರದೆ, ಪ್ರತಿ ಸಲವೂ ಹೆಡ್‌ನ ಸಂಭವ ಒಂದೇ ಆಗಿದ್ದರೆ, ಟಾಸ್‌ಗಳು ಹೆಚ್ಚಿದಂತೆ ಒಟ್ಟಿನಲ್ಲಿ ಹೆಡ್‌ನ ಪಾಲು ಆ ಸಂಭವಕ್ಕೆ ಹತ್ತಿರವಾಗುತ್ತದೆ. ಇದೇ ಬೃಹತ್ ಸಂಖ್ಯೆಗಳ ನಿಯಮ. ಹತ್ತಿರವಾಗುವುದು ಪಾಲು. ಹೆಡ್ ಎಷ್ಟು, ಟೇಲ್ ಎಷ್ಟು ಎಂಬ ಎರಡು ಎಣಿಕೆಗಳ ನಡುವಿನ ಅಂತರ ಕಡಿಮೆಯಾಗುತ್ತದೆ ಎಂದು ನಿಯಮ ಎಲ್ಲೂ ಹೇಳುವುದಿಲ್ಲ. ಆ ಅಂತರ ಸಾಮಾನ್ಯವಾಗಿ ಬೆಳೆಯುತ್ತಲೇ ಹೋಗುತ್ತದೆ.

ಸಾರಿಗೆ ಉಪ್ಪು ಹೆಚ್ಚಾದರೆ ಇನ್ನಷ್ಟು ಬೇಳೆಕಟ್ಟು ಸುರಿಯುತ್ತೇವೆ. ಬಿದ್ದ ಉಪ್ಪು ಹೊರಗೆ ಬರುವುದಿಲ್ಲ, ರುಚಿ ಮಾತ್ರ ಹದಕ್ಕೆ ಬರುತ್ತದೆ. ಮೊದಲ 10 ಟಾಸ್‌ಗಳೂ ಹೆಡ್ ಆದವು ಎನ್ನಿ. ಮುಂದಿನ 990ರಲ್ಲಿ ಸುಮಾರು 495 ಹೆಡ್ ನಿರೀಕ್ಷಿಸಬಹುದು. ಒಟ್ಟು 505, ಅಂದರೆ ಶೇ. 50.5. ಹೆಚ್ಚುವರಿ ಹೆಡ್‌ಗಳನ್ನು ಯಾರೂ ವಾಪಸು ತೆಗೆದುಕೊಳ್ಳಲಿಲ್ಲ. 990 ಹೊಸ ಟಾಸ್‌ಗಳಲ್ಲಿ ಅವು ತೆಳುವಾದವು. 10,000 ಟಾಸ್ ಆಗುವ ಹೊತ್ತಿಗೆ ಅದೇ ಲೆಕ್ಕ ಶೇ. 50.05ಕ್ಕೆ ಇಳಿದಿರುತ್ತದೆ. ಇದೊಂದು ಮನಸ್ಸಿಗೆ ಹಿಡಿದರೆ ಮುಂದಿನದೆಲ್ಲ ಸಲೀಸು.

ಬೇಕಾದ ಸಾಮಾನು

ಒಂದು ನಾಣ್ಯ, ಗೆರೆಯುಳ್ಳ ನೋಟ್‌ಬುಕ್, ಪೆನ್ಸಿಲ್, ಎರಡು ಗ್ರಾಫ್ ಹಾಳೆ, ಕ್ಯಾಲ್ಕುಲೇಟರ್. ನಾಣ್ಯ ಸ್ವಲ್ಪ ತೂಕದ್ದಾಗಿರಲಿ. 5 ರೂಪಾಯಿಯ ಹಳದಿ ನಾಣ್ಯ, ಇಲ್ಲವೇ ಎರಡು ಬಣ್ಣದ 10 ರೂಪಾಯಿ ನಾಣ್ಯ ಹೆಬ್ಬೆರಳಿನ ಮೇಲೆ ಚೆನ್ನಾಗಿ ಕೂರುತ್ತದೆ, ಗಾಳಿಯಲ್ಲಿ ಸರಿಯಾಗಿ ಪಲ್ಟಿ ಹೊಡೆಯುತ್ತದೆ. 1 ರೂಪಾಯಿಯ ಹೊಸ ಚಿಕ್ಕ ನಾಣ್ಯ ಬೆರಳಿಂದ ಜಾರುತ್ತದೆ. ಬಾಗಿದ್ದು, ಅಂಚು ಜಜ್ಜಿದ್ದು, ಅಂಟು ಮೆತ್ತಿದ್ದು ಬೇಡ. ಸಿಂಹಗಳಿರುವ ಮುಖವನ್ನು ಹೆಡ್, ಬೆಲೆ ಬರೆದ ಮುಖವನ್ನು ಟೇಲ್ ಎಂದು ಮೊದಲ ಪುಟದಲ್ಲೇ ಬರೆದಿಡಿ. ಮರುದಿನ ಪ್ರಯೋಗ ಮುಂದುವರಿಸುವಾಗ ಈ ಒಂದು ಸಾಲು ಕೆಲಸಕ್ಕೆ ಬರುತ್ತದೆ.

ಎಷ್ಟು ಸಲ ಚಿಮ್ಮುತ್ತೀರಿ ಎಂಬುದನ್ನೂ ಅದೇ ಪುಟದಲ್ಲಿ ಮುಂಚಿತವಾಗಿಯೇ ಬರೆಯಿರಿ. ಕಾರಣವನ್ನು ಕೆಳಗೆ ಹೇಳಿದೆ. ಚಿಮ್ಮಿ, ಹಿಡಿದು, ಬರೆಯಲು ಸುಮಾರು 6 ಸೆಕೆಂಡ್ ಹಿಡಿದರೆ 100 ಟಾಸ್‌ಗೆ 10 ನಿಮಿಷ, 1,000ಕ್ಕೆ ಒಂದು ಗಂಟೆ ನಲವತ್ತು ನಿಮಿಷ. ಇಬ್ಬರು ಸೇರಿದರೆ, ಒಬ್ಬರು ಚಿಮ್ಮಿ ಕೂಗುವುದು, ಇನ್ನೊಬ್ಬರು ಬರೆಯುವುದು, ಕೆಲಸ ಬೇಗ ಆಗುತ್ತದೆ, ತಪ್ಪೂ ಕಡಿಮೆ.

ಚಿಮ್ಮುವ ಬಗೆ

ನಾಣ್ಯವನ್ನು ಹೆಬ್ಬೆರಳ ಉಗುರಿನ ಮೇಲೆ ಇಟ್ಟು, ಹೊಟ್ಟೆಯ ಮಟ್ಟದಿಂದ ಕಣ್ಣಿನ ಮಟ್ಟಕ್ಕಾದರೂ ಏರುವಂತೆ ಚಿಮ್ಮಿ. ಗಾಳಿಯಲ್ಲಿ ಹಲವು ಪಲ್ಟಿ ಹೊಡೆಯಬೇಕು. ಅಂಗೈ ಬಿಚ್ಚಿ ಹಿಡಿದು, ಅಂಗೈಯಲ್ಲಿ ಮೇಲೆ ಕಂಡ ಮುಖವನ್ನೇ ಬರೆಯಿರಿ. ಕೆಲವು ಸಲ ಹಾಗೆಯೇ ಓದುವುದು, ಕೆಲವು ಸಲ ಇನ್ನೊಂದು ಮುಂಗೈ ಮೇಲೆ ಮಗುಚಿ ಓದುವುದು ಮಾಡಬೇಡಿ. ಫಲಿತಾಂಶ ಕಂಡ ಮೇಲೆ ಮಗುಚಬೇಕೋ ಬೇಡವೋ ಎಂದು ಕೈ ತಾನೇ ತೀರ್ಮಾನಿಸಲು ಶುರುಮಾಡುತ್ತದೆ. ಕೈತಪ್ಪಿ ಬಿದ್ದರೆ ಆ ಟಾಸ್ ಲೆಕ್ಕಕ್ಕಿಲ್ಲ ಎಂಬ ನಿಯಮ ಇಟ್ಟುಕೊಳ್ಳಿ. ಬಿದ್ದ ಮುಖ ನೋಡುವ ಮುಂಚೆಯೇ "ಇಲ್ಲ" ಎಂದು ಹೇಳಿಬಿಡಿ.

ನೆಲಕ್ಕೆ ಬೀಳಿಸುವ ಪದ್ಧತಿಯೂ ಇದೆ. ಹಾಗಾದರೆ ದಪ್ಪ ಜಮಖಾನ ಹಾಸಿಕೊಳ್ಳಿ. ಗಟ್ಟಿ ನೆಲದ ಮೇಲೆ ನಾಣ್ಯ ಅಂಚಿನ ಮೇಲೆ ನಿಂತು ಬುಗುರಿಯಂತೆ ಗಿರಗಿರ ತಿರುಗಿ ಮಲಗುತ್ತದೆ. ಆಗ ಅಂಚಿನ ಆಕಾರ, ಎರಡು ಮುಖಗಳ ಉಬ್ಬಿನ ವ್ಯತ್ಯಾಸ ಎಲ್ಲವೂ ಕೆಲಸ ಮಾಡುತ್ತವೆ. ಗಾಳಿಯಲ್ಲಿ ಚಿಮ್ಮಿದಾಗ ಕಾಣದ ಪಕ್ಷಪಾತ ಮೇಜಿನ ಮೇಲೆ ತಿರುಗಿಸಿದಾಗ ಎದ್ದು ಕಾಣಬಹುದು. ತಿರುಗಿಸುವುದೂ ಚಿಮ್ಮುವುದೂ ಬೇರೆಬೇರೆ ಪ್ರಯೋಗಗಳು. ಒಂದೇ ಪಟ್ಟಿಗೆ ಸೇರಿಸಬೇಡಿ.

ಇನ್ನೊಂದು ಸೂಕ್ಷ್ಮ ಇದೆ. ಚಿಮ್ಮುವ ಮುಂಚೆ ಯಾವ ಮುಖ ಮೇಲಿತ್ತೋ ಅದೇ ಮುಖ ಮೇಲೆ ಬರುವ ಸಂಭವ ಅರ್ಧಕ್ಕಿಂತ ಒಂದಿಷ್ಟು ಹೆಚ್ಚು. ನಾಣ್ಯ ಪಲ್ಟಿ ಹೊಡೆಯುವುದರ ಜೊತೆಗೆ ಬುಗುರಿಯ ಹಾಗೆ ಓಲಾಡುತ್ತಲೂ ಇರುತ್ತದೆ, ಅದರಿಂದ ಆರಂಭದ ಮುಖ ತುಸು ಹೆಚ್ಚು ಹೊತ್ತು ಮೇಲಿರುತ್ತದೆ ಎಂದು ಪರ್ಸಿ ಡಯಾಕೊನಿಸ್ ಮತ್ತು ಸಂಗಡಿಗರು 2007ರಲ್ಲಿ ಲೆಕ್ಕ ಹಾಕಿ, ಆ ಸಂಭವ ಸುಮಾರು ಶೇ. 51 ಎಂದಿದ್ದರು. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ 48 ಜನ ಸೇರಿ 46 ಬಗೆಯ ಕರೆನ್ಸಿಗಳ ನಾಣ್ಯಗಳನ್ನು 3,50,757 ಸಲ ಚಿಮ್ಮಿದರು, ಶೇ. 50.8 ಸಲ ಆರಂಭದ ಮುಖವೇ ಬಂತು. ಹೆಡ್‌ಗೂ ಟೇಲ್‌ಗೂ ನಡುವೆ ಮಾತ್ರ ಯಾವ ಭೇದವೂ ಕಾಣಲಿಲ್ಲ. ಹಾಗಾಗಿ ನಿಮ್ಮ ಪ್ರಯೋಗದಲ್ಲಿ ಪ್ರತಿ ಸಲ ಹೆಡ್ ಮೇಲಿಟ್ಟೇ ಚಿಮ್ಮಬೇಡಿ. ಹಿಂದಿನ ಸಲ ಬಿದ್ದ ಮುಖದಿಂದಲೇ ಮುಂದಿನದನ್ನು ಶುರುಮಾಡುವುದೂ ಬೇಡ, ಅದು ಒಂದು ಟಾಸನ್ನು ಇನ್ನೊಂದಕ್ಕೆ ಗಂಟು ಹಾಕುತ್ತದೆ. ಎರಡು ಅಂಗೈಗಳ ನಡುವೆ ಕುಲುಕಿ, ನೋಡದೆ ಹೆಬ್ಬೆರಳ ಮೇಲಿಟ್ಟರೆ ಸಾಕು.

ಬರೆದಿಡುವ ಬಗೆ

ಗೀಟು ಹಾಕಿ ಐದೈದರ ಕಟ್ಟು ಮಾಡುವುದು ಬೇಗ ಆಗುತ್ತದೆ ನಿಜ, ಆದರೆ ಯಾವುದರ ನಂತರ ಯಾವುದು ಬಂತು ಎಂಬ ಸರಣಿ ಅಳಿಸಿಹೋಗುತ್ತದೆ. ಈ ಪ್ರಯೋಗದ ಅರ್ಧ ಸ್ವಾರಸ್ಯ ಆ ಸರಣಿಯಲ್ಲೇ ಇದೆ. ಹೆಡ್‌ಗೆ 1, ಟೇಲ್‌ಗೆ 0 ಎಂದು ಸಾಲಿಗೆ ಹತ್ತರಂತೆ ಬರೆಯಿರಿ. ಪ್ರತಿ ಸಾಲಿನ ಕೊನೆಗೆ ಆ ಸಾಲಿನ ಹೆಡ್‌ಗಳ ಸಂಖ್ಯೆ, ಅದರ ಪಕ್ಕದಲ್ಲಿ ಅಲ್ಲಿಯವರೆಗಿನ ಒಟ್ಟು. ನೂರು ಸಾಲಿಗೆ ಸಾವಿರ ಮುಗಿಯುತ್ತದೆ. ಬರೆದದ್ದನ್ನು ತಿದ್ದಬೇಡಿ. ಅನುಮಾನ ಬಂದರೆ ಆ ಟಾಸನ್ನೇ ಹೊಡೆದುಹಾಕಿ ಮತ್ತೊಮ್ಮೆ ಚಿಮ್ಮಿ.

10, 20, 50, 100, 200, 500, 1,000 ಆದಾಗ ಒಟ್ಟು ಹೆಡ್‌ಗಳನ್ನು ಒಟ್ಟು ಟಾಸ್‌ಗಳಿಂದ ಭಾಗಿಸಿ ಪಾಲು ಬರೆಯಿರಿ. ಗ್ರಾಫ್ ಹಾಳೆ ಎರಡು ಬೇಕು ಎಂದದ್ದು ಇದಕ್ಕೇ: ಒಂದರಲ್ಲಿ ಹೆಡ್‌ನ ಪಾಲು, ಇನ್ನೊಂದರಲ್ಲಿ ಹೆಡ್‌ನಿಂದ ಟೇಲ್ ಕಳೆದ ಅಂತರ. ಅಡ್ಡ ಗೆರೆಯಲ್ಲಿ 1 ಸೆಂ.ಮೀ.ಗೆ 50 ಟಾಸ್ ಇಟ್ಟರೆ 20 ಸೆಂ.ಮೀ.ನಲ್ಲಿ ಸಾವಿರ ಹಿಡಿಸುತ್ತದೆ. ಮೊದಲ ಗ್ರಾಫ್ ಆರಂಭದಲ್ಲಿ ಕುಣಿದಾಡಿ ಬರಬರುತ್ತಾ 0.5ರ ಪಕ್ಕ ತಣ್ಣಗಾಗುತ್ತದೆ. ಎರಡನೆಯದು ತಣ್ಣಗಾಗುವುದೇ ಇಲ್ಲ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ತೋರಿಸುತ್ತವೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ನಿಯಮದ ನಿಜವಾದ ಅರ್ಥ ಕಣ್ಣಿಗೆ ಬೀಳುತ್ತದೆ.

ಎಷ್ಟು ಏರುಪೇರು ಸಹಜ?

ಟಾಸ್‌ಗಳ ಸಂಖ್ಯೆಯ ವರ್ಗಮೂಲ ತೆಗೆದು ಎರಡರಿಂದ ಭಾಗಿಸಿ. ಅದು ಹೆಡ್‌ಗಳ ಎಣಿಕೆಯ ಮಾನಕ ವಿಚಲನೆ, ಸಹಜ ಏರುಪೇರಿನ ಗಾತ್ರ.

10 ಟಾಸ್: 1.6 ಹೆಡ್, ಅಂದರೆ ಶೇ. 16
100 ಟಾಸ್: 5 ಹೆಡ್, ಶೇ. 5
400 ಟಾಸ್: 10 ಹೆಡ್, ಶೇ. 2.5
1,000 ಟಾಸ್: 16 ಹೆಡ್, ಶೇ. 1.6
10,000 ಟಾಸ್: 50 ಹೆಡ್, ಶೇ. 0.5

ನೂರಕ್ಕೆ ತೊಂಬತ್ತೈದು ಸಲ ಫಲಿತಾಂಶ ಈ ಗಾತ್ರದ ಎರಡು ಪಟ್ಟಿನೊಳಗೆ ಇರುತ್ತದೆ. 100 ಟಾಸ್‌ಗೆ 40ರಿಂದ 60, ಸಾವಿರಕ್ಕೆ 468ರಿಂದ 532. ಮೂರು ಪಟ್ಟು ದಾಟಿದರೆ, ಅಂದರೆ ಸಾವಿರದಲ್ಲಿ 548 ಹೆಡ್ ಬಂದರೆ, ನಾಣ್ಯವನ್ನೋ ಚಿಮ್ಮುವ ಬಗೆಯನ್ನೋ ಎಣಿಕೆಯನ್ನೋ ಮತ್ತೊಮ್ಮೆ ಪರೀಕ್ಷಿಸಲು ಕಾರಣವಿದೆ. 531 ಬಂದರೆ ಕಾರಣವಿಲ್ಲ.

ಪಟ್ಟಿಯ ಎರಡು ಕಾಲಂಗಳು ಎದುರುಬದುರು ನಡೆಯುವುದನ್ನು ಗಮನಿಸಿ: ಎಣಿಕೆಯ ಏರುಪೇರು ಏರುತ್ತದೆ, ಪಾಲಿನ ಏರುಪೇರು ಇಳಿಯುತ್ತದೆ. ಇಳಿಯುವುದೂ ನಿಧಾನ. ಏರುಪೇರು ಅರ್ಧವಾಗಬೇಕಾದರೆ ಟಾಸ್ ನಾಲ್ಕು ಪಟ್ಟಾಗಬೇಕು, ಹತ್ತನೇ ಒಂದು ಭಾಗಕ್ಕೆ ಇಳಿಯಬೇಕಾದರೆ ನೂರು ಪಟ್ಟು. ನಿಖರತೆಗೆ ತೆರಬೇಕಾದ ಈ ಬೆಲೆ ನಾಣ್ಯಕ್ಕೆ ಮಾತ್ರವಲ್ಲ, ಚುನಾವಣಾ ಸಮೀಕ್ಷೆಗೂ ಔಷಧದ ಪರೀಕ್ಷೆಗೂ ಒಂದೇ.

ಈ ಅಳತೆಯನ್ನು ಹಳೆಯ ದಾಖಲೆಗಳ ಮೇಲೆ ಇಟ್ಟು ನೋಡಿ, ಒಳ್ಳೆಯ ಅಭ್ಯಾಸ. 18ನೇ ಶತಮಾನದ ಫ್ರಾನ್ಸ್‌ನ ಬಫೋನ್: 4,040 ಟಾಸ್, 2,048 ಹೆಡ್. ಅರ್ಧಕ್ಕಿಂತ 28 ಹೆಚ್ಚು, ಮಾನಕ ವಿಚಲನೆ 31.8, ಒಂದು ಪಟ್ಟೂ ಆಗಲಿಲ್ಲ. ಕಾರ್ಲ್ ಪಿಯರ್ಸನ್: 24,000 ಟಾಸ್, 12,012 ಹೆಡ್. ವಿಚಲನೆ 77, ವ್ಯತ್ಯಾಸ ಬರೀ 12.

ಹೆಚ್ಚು ಕಲಿಸುವುದು ಜಾನ್ ಕೆರಿಚ್‌ನ ದಾಖಲೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕ್‌ನಲ್ಲಿ ಬಂಧನ ಶಿಬಿರದಲ್ಲಿದ್ದ ಈ ಗಣಿತಜ್ಞ 10,000 ಸಲ ನಾಣ್ಯ ಚಿಮ್ಮಿ ಎಲ್ಲವನ್ನೂ ಬರೆದಿಟ್ಟ. 100 ಆದಾಗ 44 ಹೆಡ್. 1,000 ಆದಾಗ 502. 10,000 ಆದಾಗ 5,067. ಪಾಲು ಶೇ. 44, 50.2, 50.67. ಸಾವಿರಕ್ಕೆ ಹೋಲಿಸಿದರೆ ಹತ್ತು ಸಾವಿರದಲ್ಲಿ ಪಾಲು ಅರ್ಧದಿಂದ ತುಸು ದೂರವೇ ಸರಿದಿದೆ! ನಿಯಮ ಮುರಿಯಲಿಲ್ಲ. ಹತ್ತಿರ ಬರುವುದೆಂದರೆ ಪ್ರತಿ ಹೆಜ್ಜೆಗೂ ಹತ್ತಿರವಾಗುವುದಲ್ಲ; ಮುಂದೆ ಹೋಗಿ ಹಿಂದೆ ಬಂದು, ಓಡಾಡುವ ಜಾಗ ಕಿರಿದಾಗುತ್ತಾ ಹೋಗುವುದು. 67 ಹೆಡ್‌ಗಳ ಹೆಚ್ಚುವರಿ 50ರ ಒಂದೂವರೆ ಪಟ್ಟೂ ಇಲ್ಲ, ಪೂರ್ತಿ ಸಹಜ.

ಪಾಲು ಹೀಗೆ ಹತ್ತಿರ ಬರಲೇಬೇಕೆಂದು ಸಾಧಿಸಿ ತೋರಿಸಿದವನು ಬಾಸೆಲ್‌ನ ಯಾಕೋಬ್ ಬರ್ನೂಲಿ. ಅವನು ತೀರಿಕೊಂಡದ್ದು 1705ರಲ್ಲಿ, ಪುಸ್ತಕ ಹೊರಬಂದದ್ದು 1713ರಲ್ಲಿ. ಬೃಹತ್ ಸಂಖ್ಯೆಗಳ ನಿಯಮ ಎಂಬ ಹೆಸರು ಫ್ರಾನ್ಸ್‌ನ ಗಣಿತಜ್ಞ ಪ್ವಾಸೋನ್‌ನಿಂದ 1830ರ ದಶಕದಲ್ಲಿ ಬಂತು. ಬರ್ನೂಲಿ ತೆಗೆದುಕೊಂಡ ಉದಾಹರಣೆಯಲ್ಲಿ ನಿಜವಾದ ಪಾಲು ಐದರಲ್ಲಿ ಮೂರು; ಕಂಡ ಪಾಲು ಅದರಿಂದ ಐವತ್ತರಲ್ಲಿ ಒಂದು ಭಾಗಕ್ಕಿಂತ ಆಚೀಚೆ ಹೋಗಬಾರದು, ಹಾಗೆಂದು ಸಾವಿರಕ್ಕೆ ಒಂದರಂತೆ ಪಣ ಕಟ್ಟುವಷ್ಟು ಖಾತ್ರಿ ಬೇಕು. ಅದಕ್ಕೆ ಅವನ ಲೆಕ್ಕ ಬೇಡಿದ್ದು 25,550 ಪರೀಕ್ಷೆ. 1733ರಲ್ಲಿ ಡಿ ಮುವಾವ್ರ್ ತೋರಿಸಿದ ವರ್ಗಮೂಲದ ದಾರಿ ಹಿಡಿದರೆ ಅದೇ ಖಾತ್ರಿಗೆ ಸುಮಾರು 6,500 ಸಾಕು. ನಾವು ಮೇಲೆ ಬಳಸಿದ್ದು ಈ ದಾರಿಯನ್ನೇ.

ಎಲ್ಲಿ ಎಡವುತ್ತಾರೆ

"ಐದು ಸಲ ಟೇಲ್ ಬಂದಿದೆ, ಇನ್ನು ಹೆಡ್ ಬರಲೇಬೇಕು." ನಾಣ್ಯಕ್ಕೆ ನೆನಪಿಲ್ಲ. ನಿಮ್ಮ ಸಾವಿರದ ಪಟ್ಟಿಯಲ್ಲೇ ಇದನ್ನು ಪರೀಕ್ಷಿಸಬಹುದು: ಸತತ ಮೂರು ಹೆಡ್ ಬಂದ ಜಾಗಗಳನ್ನೆಲ್ಲ ಗುರುತು ಮಾಡಿ, ಅವುಗಳ ಮುಂದಿನ ಟಾಸ್ ಏನಾಯಿತು ನೋಡಿ. ಅಂಥ ಜಾಗ ಸುಮಾರು 125 ಸಿಗುತ್ತವೆ. ಮುಂದಿನದು ಸರಿಸುಮಾರು ಅರ್ಧ ಹೆಡ್, ಅರ್ಧ ಟೇಲ್ ಆಗಿರುತ್ತದೆ. ಬಾಯಲ್ಲಿ ಹತ್ತು ಸಲ ಹೇಳುವುದಕ್ಕಿಂತ ಈ ಒಂದು ಎಣಿಕೆ ಮಕ್ಕಳ ಮನಸ್ಸಿಗೆ ಹೆಚ್ಚು ನಾಟುತ್ತದೆ.

ಕ್ರಿಕೆಟ್ ನೋಡುವವರಿಗೆ ಹತ್ತಿರದ ಉದಾಹರಣೆ: 2023ರ ನವೆಂಬರ್ 19ರ ವಿಶ್ವಕಪ್ ಫೈನಲ್‌ನಿಂದ 2025ರ ಮಾರ್ಚ್ 9ರ ಚಾಂಪಿಯನ್ಸ್ ಟ್ರೋಫಿ ಫೈನಲ್‌ವರೆಗೆ ಭಾರತ ಏಕದಿನ ಪಂದ್ಯಗಳಲ್ಲಿ ಸತತ 15 ಟಾಸ್ ಸೋತಿತು. ಗೊತ್ತುಮಾಡಿದ 15 ಟಾಸ್‌ಗಳನ್ನು ಸೋಲುವ ಸಂಭವ 32,768ರಲ್ಲಿ ಒಂದು. 16ನೆಯದನ್ನು ಸೋಲುವ ಸಂಭವ ಮಾತ್ರ ಮತ್ತೆ ಅರ್ಧವೇ. ಅಕ್ಟೋಬರ್‌ನಲ್ಲಿ ಪರ್ತ್‌ನಲ್ಲಿ, ನಾಯಕ ಬದಲಾದ ಮೇಲೂ, ಅದೂ ಸೋಲಾಯಿತು. ಇಷ್ಟು ಅಪರೂಪದ್ದು ಹೇಗೆ ನಡೆಯಿತು ಎಂದರೆ, ಈ 15ನ್ನು ಯಾರೂ ಮುಂಚೆ ಗೊತ್ತುಮಾಡಿರಲಿಲ್ಲ. ಎಷ್ಟೋ ತಂಡಗಳು, ಎಷ್ಟೋ ವರ್ಷಗಳು, ಮೂರು ಬಗೆಯ ಪಂದ್ಯಗಳು. ಅಷ್ಟು ದೊಡ್ಡ ರಾಶಿಯಲ್ಲಿ ಎಲ್ಲೋ ಒಂದು ಕಡೆ ಉದ್ದನೆಯ ಸರಪಳಿ ಕಾಣುವುದು ವಿಶೇಷವಲ್ಲ.

ಸರಪಳಿಗಳ ಬಗ್ಗೆ ನಮ್ಮ ಅಂದಾಜು ಯಾವಾಗಲೂ ಕಡಿಮೆ. 100 ಟಾಸ್‌ಗಳಲ್ಲಿ ಒಂದೇ ಮುಖ ಸತತ 6 ಸಲ ಅಥವಾ ಹೆಚ್ಚು ಬರುವ ಸಂಭವ ಸುಮಾರು ಶೇ. 80. ಸತತ 7 ಸಹ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇ. 54. ಚಿಮ್ಮದೆ ಮನಸ್ಸಿನಿಂದಲೇ ಬರೆದ ಪಟ್ಟಿ ಇಲ್ಲಿಯೇ ಸಿಕ್ಕಿಬೀಳುತ್ತದೆ: ನಾಲ್ಕು ಹೆಡ್ ಬರೆಯುವ ಹೊತ್ತಿಗೆ ಕೈ ತಾನಾಗಿ ಟೇಲ್‌ಗೆ ಹೊರಳುತ್ತದೆ. ಪರೀಕ್ಷಿಸಲು, ಮುಖ ಬದಲಾದ ಜಾಗಗಳನ್ನು ಎಣಿಸಿ. 100 ಟಾಸ್‌ಗಳ ನಡುವೆ 99 ಸಂದುಗಳಿವೆ. ನಿಜವಾಗಿ ಚಿಮ್ಮಿದ್ದರೆ 40ರಿಂದ 60 ಕಡೆ ಬದಲಾವಣೆ ಇರುತ್ತದೆ. 65, 70 ಇದ್ದರೆ ನಾಣ್ಯ ಕೈಯಲ್ಲಿತ್ತೇ ಎಂದು ಕೇಳಬಹುದು.

"ಸರಿಹೋದಾಗ ನಿಲ್ಲಿಸುವುದು." ಪಾಲು 0.500 ತೋರಿದ ಕ್ಷಣ ಪ್ರಯೋಗ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಇದರ ತದ್ವಿರುದ್ಧ ತಪ್ಪು ಇನ್ನೂ ಅಪಾಯಕಾರಿ: ಪ್ರತಿ ಟಾಸ್ ಆದಮೇಲೂ ಲೆಕ್ಕ ಹಾಕಿ, ವ್ಯತ್ಯಾಸ ಎರಡು ಪಟ್ಟು ದಾಟಿದ ಕೂಡಲೇ "ನಾಣ್ಯ ಮೋಸದ್ದು" ಎಂದು ಘೋಷಿಸುವುದು. ಸಾಕಷ್ಟು ತಾಳ್ಮೆಯಿಂದ ಕಾದರೆ ಅಪ್ಪಟ ನಾಣ್ಯ ಕೂಡ ಒಂದಲ್ಲ ಒಂದು ಘಳಿಗೆಯಲ್ಲಿ ಆ ಗಡಿ ದಾಟೇ ದಾಟುತ್ತದೆ. ಟಾಸ್‌ಗಳ ಸಂಖ್ಯೆಯನ್ನು ಮೊದಲೇ ಬರೆದಿಡಿ ಎಂದದ್ದು ಇದಕ್ಕೆ.

ಇನ್ನು ಎರಡನೇ ಗ್ರಾಫ್. ಹೆಡ್ ಮೈನಸ್ ಟೇಲ್ ಗೆರೆ ಸೊನ್ನೆಯನ್ನು ಪದೇ ಪದೇ ದಾಟುತ್ತದೆ ಎಂದು ನಿರೀಕ್ಷಿಸಿದವರಿಗೆ, ಅದು ಇಡೀ ಹೊತ್ತು ಒಂದೇ ಬದಿಗೆ ಕುಳಿತದ್ದು ಕಂಡು ಗಾಬರಿಯಾಗುತ್ತದೆ. ಅಪ್ಪಟ ನಾಣ್ಯದಲ್ಲೂ, ನೂರು ಪ್ರಯೋಗಗಳಲ್ಲಿ ಸುಮಾರು 41ರಲ್ಲಿ ಒಂದೇ ಮುಖ ಹತ್ತರಲ್ಲಿ ಒಂಬತ್ತು ಪಾಲು ಹೊತ್ತು ಮುಂದಿರುತ್ತದೆ. ಅಂತರದ ಸರಾಸರಿ ಗಾತ್ರ ವರ್ಗಮೂಲದ 0.8 ಪಟ್ಟು: 100 ಟಾಸ್‌ಗೆ 8, ಸಾವಿರಕ್ಕೆ 25, ಹತ್ತು ಸಾವಿರಕ್ಕೆ 80. ಸಂಭವನೀಯತೆಯ ಫಲಿತಾಂಶಗಳಲ್ಲಿ ಇಷ್ಟು ಬೆರಗು ಹುಟ್ಟಿಸುವುದು ಕಡಿಮೆ. ಇಬ್ಬರು ಸಮಬಲರು ಆಡುತ್ತಿದ್ದರೂ ಒಬ್ಬರೇ ದಿನವಿಡೀ ಮುಂದಿರುವುದು ಸಾಮಾನ್ಯ ಸಂಗತಿ ಎಂದಾಯಿತು.

ಹತ್ತು ನಾಣ್ಯ ಒಟ್ಟಿಗೆ

ಸಮಯ ಕಡಿಮೆಯಿದ್ದರೆ ಒಂದೇ ಬಗೆಯ 10 ನಾಣ್ಯಗಳನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ಹಾಕಿ, ಚೆನ್ನಾಗಿ ಕುಲುಕಿ ಜಮಖಾನದ ಮೇಲೆ ಸುರಿದು ಹೆಡ್ ಎಣಿಸಿ. 100 ಸಲ ಸುರಿದರೆ 1,000 ಟಾಸ್. ಒಂದರ ಮೇಲೊಂದು ಒರಗಿದ್ದರೆ ಅವನ್ನು ಮಾತ್ರ ಎತ್ತಿ ಮತ್ತೆ ಸುರಿಯಿರಿ. ಸರಪಳಿಗಳ ವಿಷಯ ಇಲ್ಲಿ ಸಿಗುವುದಿಲ್ಲ, ಬದಲಿಗೆ ಹಂಚಿಕೆಯ ಆಕಾರ ಸಿಗುತ್ತದೆ. 100 ಸುರಿತಗಳಲ್ಲಿ 5 ಹೆಡ್ ಸುಮಾರು 25 ಸಲ, 4 ಮತ್ತು 6 ತಲಾ 20 ಸಲ, 3 ಮತ್ತು 7 ತಲಾ 12 ಸಲ, 2 ಮತ್ತು 8 ತಲಾ 4 ಸಲ, 1 ಮತ್ತು 9 ತಲಾ ಒಂದು ಸಲ.

ಈ ಅಂಕಿಗಳು ಬರುವ ದಾರಿ ಛಂದಸ್ಸು ಓದಿದವರಿಗೆ ಹೊಸದಲ್ಲ. ಹೆಡ್ಡನ್ನು ಲಘು, ಟೇಲನ್ನು ಗುರು ಎಂದುಕೊಂಡರೆ ಹತ್ತು ನಾಣ್ಯಗಳ ಎಲ್ಲ ಸಾಧ್ಯತೆಗಳೂ ಹತ್ತು ಅಕ್ಷರದ ಪಾದದ ಪ್ರಸ್ತಾರವೇ, ಅಂದರೆ ಲಘು-ಗುರುಗಳ ಎಲ್ಲ ಜೋಡಣೆಗಳ ಪಟ್ಟಿಯೇ: ಒಟ್ಟು 1,024 ಸಾಲು. ಅವುಗಳಲ್ಲಿ ಐದು ಲಘು ಇರುವ ಸಾಲುಗಳೆಷ್ಟು ಎಂಬುದಕ್ಕೆ ಮೇರು ಪ್ರಸ್ತಾರ (ಇಂದಿನ ಪಾಸ್ಕಲ್ ತ್ರಿಕೋನ) ಉತ್ತರ ಕೊಡುತ್ತದೆ: 252. ಅದನ್ನು ನೇರವಾಗಿ ಲೆಕ್ಕ ಹಾಕುವ ಸೂತ್ರವನ್ನು 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಕೊಟ್ಟಿದ್ದಾನೆ: 10, 9, 8, 7, 6ನ್ನು ಗುಣಿಸಿ, 1, 2, 3, 4, 5ರ ಗುಣಲಬ್ಧದಿಂದ ಭಾಗಿಸಿ. 30,240ನ್ನು 120ರಿಂದ ಭಾಗಿಸಿದರೆ 252. ಅದನ್ನು 1,024ರಿಂದ ಭಾಗಿಸಿದರೆ ಶೇ. 24.6.

ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವವರು ರ‍್ಯಾಂಡ್‌ಬಿಟ್ವೀನ್ ಸೂತ್ರಕ್ಕೆ 0 ಮತ್ತು 1 ಕೊಟ್ಟು 10,000 ಸಾಲಿಗೆ ಎಳೆಯಬಹುದು. ಬೇರೆ ಯಾವ ಕೋಶ ತಿದ್ದಿದರೂ ಎಲ್ಲ ಸಾಲುಗಳೂ ಹೊಸದಾಗಿ ಬದಲಾಗುತ್ತವೆ, ಎಚ್ಚರ. ಸಾಲನ್ನು ನಕಲಿಸಿ, ಬೆಲೆಗಳನ್ನು ಮಾತ್ರ ಅಂಟಿಸಿಕೊಂಡ ಮೇಲೆ ಲೆಕ್ಕ ಶುರುಮಾಡಿ. ಕೈಯಿಂದ ಒಂದು ನೂರಾದರೂ ಚಿಮ್ಮಿದ ನಂತರವೇ ಕಂಪ್ಯೂಟರಿಗೆ ಹೋಗುವುದು ಒಳ್ಳೆಯದು.

ನಾಣ್ಯ ಪಕ್ಷಪಾತಿಯೇ ಎಂದು ತಿಳಿಯಲು

ಎಷ್ಟು ಸಣ್ಣ ಪಕ್ಷಪಾತವನ್ನು ಹಿಡಿಯಬೇಕು ಎಂಬುದರ ಮೇಲೆ ಟಾಸ್‌ಗಳ ಸಂಖ್ಯೆ ನಿಂತಿದೆ. 1.5ನ್ನು ಆ ಪಕ್ಷಪಾತದಿಂದ ಭಾಗಿಸಿ ವರ್ಗ ಮಾಡಿ. ಹೆಡ್ ಶೇ. 60 ಬೀಳುವ ನಾಣ್ಯ, ಪಕ್ಷಪಾತ 0.1: 225 ಟಾಸ್. ಶೇ. 55ಕ್ಕೆ 900. ಶೇ. 52ಕ್ಕೆ 5,625. ಶೇ. 51ಕ್ಕೆ 22,500. ಸಾವಿರ ಟಾಸ್ ಮಾಡಿ "ನಮ್ಮ ನಾಣ್ಯದಲ್ಲಿ ಯಾವ ದೋಷವೂ ಇಲ್ಲ" ಎಂದು ಬರೆಯುವುದು ಸರಿಯಲ್ಲ. "ಶೇ. 5ರಷ್ಟು ದೊಡ್ಡ ದೋಷ ಇದ್ದಂತಿಲ್ಲ" ಎಂದಷ್ಟೇ ಹೇಳಬಹುದು. ಆರಂಭದ ಮುಖದ ಶೇ. 0.8ರ ಒಲವನ್ನು ಹಿಡಿಯಲು ಮೂರೂವರೆ ಲಕ್ಷ ಟಾಸ್ ಮಾಡಿದ್ದೇಕೆ ಎಂಬುದು ಈಗ ಅರ್ಥವಾಗುತ್ತದೆ. ಅಷ್ಟು ಟಾಸ್‌ಗಳಲ್ಲಿ ಸಹಜ ಏರುಪೇರು ಶೇ. 0.08ಕ್ಕೆ ಇಳಿದಿರುತ್ತದೆ.

ನಾಣ್ಯದ ಮೇಲೆ ನಂಬಿಕೆಯಿಲ್ಲದಿದ್ದರೂ ನ್ಯಾಯವಾದ ತೀರ್ಮಾನ ಸಾಧ್ಯ. ಎರಡು ಸಲ ಚಿಮ್ಮಿ. ಮೊದಲು ಹೆಡ್ ಆಮೇಲೆ ಟೇಲ್ ಬಂದರೆ ಮೊದಲ ಪಕ್ಷಕ್ಕೆ ಗೆಲುವು, ಮೊದಲು ಟೇಲ್ ಆಮೇಲೆ ಹೆಡ್ ಬಂದರೆ ಎರಡನೆಯದಕ್ಕೆ. ಎರಡೂ ಒಂದೇ ಆದರೆ ಬಿಟ್ಟು ಮತ್ತೆ ಎರಡು ಸಲ. ಜಾನ್ ವಾನ್ ನಾಯ್ಮನ್ 1951ರಲ್ಲಿ ಪ್ರಕಟಿಸಿದ ಉಪಾಯ ಇದು. ಹೆಡ್ ಶೇ. 60 ಬೀಳುತ್ತಿದ್ದರೂ 0.6 × 0.4 ಮತ್ತು 0.4 × 0.6 ಎರಡೂ 0.24 ತಾನೆ. ಸರಾಸರಿ ನಾಲ್ಕು ಚಿಲ್ಲರೆ ಟಾಸ್‌ಗಳಲ್ಲಿ ತೀರ್ಮಾನ ಸಿಗುತ್ತದೆ.

ಕವಡೆ

ನಾಣ್ಯದ ಉತ್ತರ ನಮಗೆ ಮೊದಲೇ ಗೊತ್ತು. ಚೌಕಾಬಾರದ ಕವಡೆಯದು ಗೊತ್ತಿಲ್ಲ. ಅದು ಅಂಗಾತ ಬೀಳುವ ಸಂಭವ ಎಷ್ಟು ಎಂದು ಯಾವ ಸಮ್ಮಿತಿಯೂ ಹೇಳುವುದಿಲ್ಲ. ಎಸೆದು ಎಣಿಸುವುದೊಂದೇ ದಾರಿ. ಒಂದು ಬದಿ ಉಜ್ಜಿದ ಹುಣಸೆ ಬೀಜಕ್ಕೂ ಇದೇ ಮಾತು. ಬೃಹತ್ ಸಂಖ್ಯೆಗಳ ನಿಯಮಕ್ಕೆ ನಿಜವಾದ ಕೆಲಸ ಸಿಗುವುದು ಇಲ್ಲಿ.

ನಾಲ್ಕು ಕವಡೆಗಳಿಗೂ ಬೇರೆಬೇರೆ ಬಣ್ಣದ ಚುಕ್ಕೆ ಇಟ್ಟು, 200 ಸಲ ಎಸೆದು, ಪ್ರತಿಯೊಂದರ ಲೆಕ್ಕವನ್ನೂ ಬೇರೆಯಾಗಿಯೇ ಬರೆಯಿರಿ. ಕವಡೆಗಳು ಒಂದರಂತೆ ಒಂದಿರುವುದಿಲ್ಲ. ಪ್ರತಿ ಕವಡೆಯ ಪಾಲು ಸುಮಾರು ಶೇ. 7ರ ಆಚೀಚೆಯೊಳಗೆ ಸಿಗುತ್ತದೆ. ಆಟದಲ್ಲಿ ಇದರ ಪರಿಣಾಮ ಚಿಕ್ಕದಲ್ಲ. ಅಂಗಾತ, ಬೋರಲು ಎರಡೂ ಸಮವಾಗಿದ್ದರೆ ನಾಲ್ಕು (ಎಲ್ಲ ಅಂಗಾತ) ಮತ್ತು ಎಂಟು (ಎಲ್ಲ ಬೋರಲು) ತಲಾ 16ಕ್ಕೆ ಒಂದು ಸಲ ಬೀಳಬೇಕು. ಅಂಗಾತದ ಪಾಲು ಶೇ. 60 ಇದ್ದರೆ ನಾಲ್ಕು ಬೀಳುವ ಸಂಭವ ಶೇ. 13, ಎಂಟರದು ಶೇ. 2.6. ಒಂದಕ್ಕಿಂತ ಒಂದು ಐದು ಪಟ್ಟು.

ಮೊಳಕೆ ಪರೀಕ್ಷೆ

ಬಿತ್ತನೆಗೆ ಮುಂಚೆ ಸೋಯಾ ಅವರೆ ಬೀಜವನ್ನು ಒದ್ದೆ ಗೋಣಿಚೀಲದ ಮೇಲೆ ಹತ್ತು ಸಾಲು, ಸಾಲಿಗೆ ಹತ್ತರಂತೆ ಜೋಡಿಸಿ, ಸುತ್ತಿ, ನೆರಳಲ್ಲಿ ತೇವ ಆರದಂತೆ ಇಟ್ಟು ಮೊಳಕೆ ಎಣಿಸುವುದೂ ಇದೇ ಲೆಕ್ಕ. ಮೊಳೆತರೆ ಹೆಡ್, ಇಲ್ಲದಿದ್ದರೆ ಟೇಲ್. ಸೋಯಾಗೆ ಕನಿಷ್ಠ ಶೇ. 70 ಮೊಳಕೆ ಇರಬೇಕೆಂಬುದು ನಮ್ಮ ದೇಶದ ಮಾನದಂಡ. ಪಾಲು ಅರ್ಧವಲ್ಲದಾಗ ಮಾನಕ ವಿಚಲನೆಯ ಸೂತ್ರ ತುಸು ಬದಲಾಗುತ್ತದೆ: 0.7 × 0.3ನ್ನು ಬೀಜಗಳ ಸಂಖ್ಯೆಯಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. 10 ಬೀಜಕ್ಕೆ ಶೇ. 14.5, ಅದರಿಂದ ಏನೂ ತಿಳಿಯುವುದಿಲ್ಲ. 100 ಬೀಜಕ್ಕೆ ಶೇ. 4.6. ಪ್ರಯೋಗಾಲಯಗಳು ಎಣಿಸುವ 400 ಬೀಜಕ್ಕೆ ಶೇ. 2.3.

ಬೀಜವನ್ನು ಒಂದೇ ಚೀಲದ ಬಾಯಿಯಿಂದ ಎತ್ತಿದರೆ ನಿಯಮದ ಷರತ್ತೇ ಮುರಿಯುತ್ತದೆ. ತೇವ ತಗುಲಿದ ಮೂಲೆಯ ಬೀಜಗಳು ಒಟ್ಟಿಗೇ ಕೆಟ್ಟಿರುತ್ತವೆ. ಪ್ರತಿ ಚೀಲದ ಮೇಲಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು ಬೆರೆಸಿದ ಮೇಲೆ, ಆರಿಸದೆ ಎಣಿಸಿ. ಜೊಳ್ಳು ಕಂಡಿತೆಂದು ಬದಿಗಿಡಬೇಡಿ.

ನೂರರಲ್ಲಿ 64 ಮೊಳೆತರೆ ವ್ಯತ್ಯಾಸ 6, ಒಂದೂವರೆ ಪಟ್ಟಿಗಿಂತ ಕಡಿಮೆ. ಬೀಜ ಕೆಟ್ಟದ್ದೆಂದು ತೀರ್ಮಾನಿಸದೆ ಇನ್ನು ಮುನ್ನೂರು ಬೀಜ ಇಟ್ಟು ನೋಡಿ. 400ರಲ್ಲಿ 256 ಮಾತ್ರ ಮೊಳೆತರೆ ಅದೇ ಶೇ. 64, ಆದರೆ ಈಗ ವ್ಯತ್ಯಾಸ ಎರಡೂವರೆ ಪಟ್ಟು ದಾಟಿದೆ. ಆಗ ಬೀಜ ಬದಲಾಯಿಸಿ. ಬದಲಿಸಲು ಬೇರೆ ಬೀಜ ಸಿಗದಿದ್ದರೆ 70ನ್ನು 64ರಿಂದ ಭಾಗಿಸಿದಷ್ಟು, ಅಂದರೆ ಸುಮಾರು ಶೇ. 9ರಷ್ಟು ಹೆಚ್ಚು ಬೀಜ ಹಾಕಿ ಬಿತ್ತಿ.